ಹೆಸರು ಬರೆಯದ ಗೆಳೆಯ

ಬಾಲ್ಯದ ಗೆಳೆಯನೊಬ್ಬ ತೀರಿಕೊಂಡಾಗ, ಆ ಗೆಳೆತನದಿಂದಾದ ಕೆಡುಕೂ ನೆನಪಾಗಿ ಮನಸ್ಸು ಕಲಕುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಮನೆಗಳಿಗೂ ಈ ನೋವು ಹೊಸದಲ್ಲ. ಸಂತ ಅಗಸ್ಟೀನರೂ ಇದನ್ನು ಉಂಡವರೇ.

ಅವರು ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದರು. ಜೊತೆಯಲ್ಲೇ ಆಡಿ, ಓದಿ ಬೆಳೆದ ಗೆಳೆಯನನ್ನು ಯೌವನದಲ್ಲಿ ಅವರೇ ವಿಶ್ವಾಸದಿಂದ ದೂರ ಸೆಳೆದರು. ಜ್ವರದಿಂದ ಪ್ರಜ್ಞೆ ತಪ್ಪಿದ್ದಾಗ ಆ ಗೆಳೆಯನಿಗೆ ದೀಕ್ಷಾಸ್ನಾನವಾಯಿತು. ಅವನು ಚೇತರಿಸಿಕೊಂಡ ಮೇಲೆ ಅಗಸ್ಟೀನರು ಅದನ್ನು ಗೇಲಿ ಮಾಡಿದರು. ಅವನೂ ನಗುವನೆಂದುಕೊಂಡಿದ್ದರು, ಅವನು ಗದರಿಸಿದ. ಪೂರ್ತಿ ಗುಣವಾಗಲಿ, ಆಮೇಲೆ ಮಾತಾಡೋಣವೆಂದು ಸುಮ್ಮನಾದರು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ, ಇವರು ಹತ್ತಿರವಿಲ್ಲದಾಗ ಅವನು ತೀರಿಕೊಂಡ.

ದುಃಖದಲ್ಲಿ ಊರೇ ಬೇಡವಾಗಿ ಕಾರ್ಥೇಜಿಗೆ ಹೊರಟರು. ತಾವು ಗೇಲಿ ಮಾಡಿದ್ದ ದೀಕ್ಷಾಸ್ನಾನವನ್ನು 387ರ ಪಾಸ್ಖ ಹಬ್ಬದಲ್ಲಿ, ಮಿಲಾನಿನಲ್ಲಿ ತಾವೇ ಪಡೆದರು. ಮುಂದೆ ಹಿಪ್ಪೋದ ಧರ್ಮಾಧ್ಯಕ್ಷರಾಗಿದ್ದಾಗ ಆತ್ಮಕಥೆಯಲ್ಲಿ ಈ ತಪ್ಪನ್ನು ಮುಚ್ಚಿಡದೆ ದೇವರ ಮುಂದೆ ಒಪ್ಪಿಕೊಂಡರು. ಗೆಳೆಯನ ಹೆಸರನ್ನು ಮಾತ್ರ ಬರೆಯಲಿಲ್ಲ. 430ರ ಆಗಸ್ಟ್ 28ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ತೀರಿಕೊಂಡವರೊಡನೆ ಕೂತು ಮಾತಾಡಿ ರಾಜಿಯಾಗಲು ನಮಗೆ ಆಗದು. ಆದರೆ ನಡೆದದ್ದನ್ನು ನಡೆದಂತೆಯೇ ದೇವರಿಗೆ ಹೇಳಬಹುದು. ತಪ್ಪು ನಮ್ಮದಾಗಿರಲಿ, ಅವರದಾಗಿರಲಿ. ನಿಮ್ಮ ಮನಸ್ಸಿನಲ್ಲೂ ಅಂಥದೊಂದು ಹೆಸರಿದ್ದರೆ, ಇಂದಿನ ರಾತ್ರಿಯ ಪ್ರಾರ್ಥನೆಯಲ್ಲಿ ಅದನ್ನು ದೇವರಿಗೆ ಒಪ್ಪಿಸಿ.