ಜೋಸೆಫ್ ಹೆನ್ರಿ

ಜೋಸೆಫ್ ಹೆನ್ರಿ (ಡಿಸೆಂಬರ್ 17, 1797 – ಮೇ 13, 1878) ಅಮೆರಿಕ ಸಂಯುಕ್ತ ಸಂಸ್ಥಾನದ ಭೌತವಿಜ್ಞಾನಿ. ಪ್ರಯೋಗಶಾಲೆಯ ಕುತೂಹಲದ ವಸ್ತುವಾಗಿದ್ದ ವಿದ್ಯುತ್ಕಾಂತವನ್ನು ಭಾರ ಎತ್ತುವ ಮತ್ತು ದೂರದಿಂದ ಚಲನೆ ಉಂಟುಮಾಡುವ ಸಾಧನವನ್ನಾಗಿ ಬೆಳೆಸಿದವನು. ಸ್ವಪ್ರೇರಣೆಯನ್ನು ಕಂಡುಹಿಡಿದ ಕೀರ್ತಿ ಈತನದು. ಸ್ಮಿತ್ಸೋನಿಯನ್ ಸಂಸ್ಥೆಯ ಮೊದಲ ಕಾರ್ಯದರ್ಶಿಯಾಗಿ 1846ರಿಂದ ಸಾಯುವವರೆಗೆ ಸೇವೆ ಸಲ್ಲಿಸಿದ. ಪ್ರೇರಕತ್ವದ ಅಂತರರಾಷ್ಟ್ರೀಯ ಏಕಮಾನಕ್ಕೆ ಈತನ ಹೆಸರನ್ನೇ ಇಡಲಾಗಿದೆ.

ಆರಂಭಿಕ ಜೀವನ

ಹೆನ್ರಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ, ಸ್ಕಾಟ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ ಜನಿಸಿದ. ತಂದೆ ಬೇಗನೆ ತೀರಿಕೊಂಡ. ಬಾಲ್ಯದ ಹೆಚ್ಚಿನ ಭಾಗವನ್ನು ಗಾಲ್ವೇ ಎಂಬ ಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿ ಕಳೆದ. 13ನೆಯ ವಯಸ್ಸಿನಲ್ಲಿ ಗಡಿಯಾರ ಮತ್ತು ಬೆಳ್ಳಿ ಕೆಲಸಗಾರನ ಬಳಿ ಶಿಷ್ಯನಾಗಿ ಸೇರಿದ. ಆಗ ಅವನ ಒಲವು ರಂಗಭೂಮಿಯ ಕಡೆಗಿತ್ತು. 16ರ ಹರೆಯದಲ್ಲಿ ಆಕಸ್ಮಿಕವಾಗಿ ಕೈಗೆ ಸಿಕ್ಕ ಜನಪ್ರಿಯ ವಿಜ್ಞಾನ ಉಪನ್ಯಾಸಗಳ ಪುಸ್ತಕವೊಂದು ಮನಸ್ಸನ್ನು ವಿಜ್ಞಾನದತ್ತ ತಿರುಗಿಸಿತು. 1819ರಲ್ಲಿ ಶುಲ್ಕವಿಲ್ಲದೆ ಆಲ್ಬನಿ ಅಕಾಡೆಮಿಗೆ ಪ್ರವೇಶ ದೊರೆಯಿತು. 1826ರಲ್ಲಿ ಅಲ್ಲಿಯೇ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕನಾದ. ಬೋಧನೆಯ ಹೊರೆ ಹೆಚ್ಚಾಗಿದ್ದ ಕಾರಣ ಪ್ರಯೋಗಗಳನ್ನು ಬಹುಮಟ್ಟಿಗೆ ರಜೆಯ ದಿನಗಳಲ್ಲೇ ನಡೆಸಬೇಕಾಗಿತ್ತು.

ವಿದ್ಯುತ್ಕಾಂತದ ಸುಧಾರಣೆ

ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1820ರ ದಶಕದ ಮಧ್ಯದಲ್ಲಿ ಕುದುರೆಲಾಳದ ಆಕಾರದ ಮೆದು ಕಬ್ಬಿಣಕ್ಕೆ ತಾಮ್ರದ ತಂತಿ ಸುತ್ತಿ ವಿದ್ಯುತ್ಕಾಂತವನ್ನು ರಚಿಸಿದ್ದ. ಅವನು ಬಳಸಿದ್ದು ಹೊದಿಕೆಯಿಲ್ಲದ ತಂತಿ. ಸುತ್ತುಗಳು ಒಂದನ್ನೊಂದು ಮುಟ್ಟದಂತೆ ಅಂತರ ಬಿಡಬೇಕಾಗಿದ್ದರಿಂದ ಸುತ್ತುಗಳ ಸಂಖ್ಯೆ ಕಡಿಮೆಯಿತ್ತು. ಹೆನ್ರಿ ಕಬ್ಬಿಣಕ್ಕೆ ಬದಲಾಗಿ ತಂತಿಗೇ ರೇಷ್ಮೆಯ ಹೊದಿಕೆ ಹಾಕಿದ. ಇದರಿಂದ ಸುತ್ತುಗಳನ್ನು ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಸುತ್ತುವುದು ಸಾಧ್ಯವಾಯಿತು.

ಇದಕ್ಕಿಂತ ಮುಖ್ಯವಾದದ್ದು ಸುರುಳಿಯನ್ನು ವಿದ್ಯುತ್ ಮೂಲಕ್ಕೆ ಹೊಂದಿಸುವ ನಿಯಮ. ಒಂದೇ ದೊಡ್ಡ ಕೋಶವಿದ್ದಾಗ ಹಲವು ಗಿಡ್ಡ ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದರೆ ಕಾಂತದ ಬಲ ಹೆಚ್ಚುತ್ತದೆ. ತಂತಿ ಬಹುದೂರ ಸಾಗಬೇಕಾದಾಗ ಹಲವು ಕೋಶಗಳ ಶ್ರೇಣಿಯನ್ನೂ ಒಂದೇ ಉದ್ದನೆಯ ಸುರುಳಿಯನ್ನೂ ಬಳಸಬೇಕು ಎಂಬುದನ್ನು ಹೆನ್ರಿ ಪ್ರಯೋಗದಿಂದ ಕಂಡುಕೊಂಡ. ಓಮನ ನಿಯಮ ಅಮೆರಿಕದಲ್ಲಿ ಇನ್ನೂ ಪ್ರಚಾರಕ್ಕೆ ಬಾರದಿದ್ದ ಕಾಲವದು. ಈ ಫಲಿತಾಂಶಗಳು 1831ರ ಜನವರಿಯಲ್ಲಿ ಬೆಂಜಮಿನ್ ಸಿಲಿಮನ್‌ನ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದವು. ಅದೇ ವರ್ಷ ಯೇಲ್ ಕಾಲೇಜಿಗಾಗಿ ನಿರ್ಮಿಸಿದ ಕಾಂತ 2,000 ಪೌಂಡಿಗೂ (ಸುಮಾರು 900 ಕಿಲೋಗ್ರಾಂ) ಹೆಚ್ಚಿನ ಭಾರವನ್ನು ಎತ್ತಿ ಹಿಡಿಯಿತು.

ಎಳೆಯುವ ಮತ್ತು ತಳ್ಳುವ ಯಂತ್ರಗಳು

1831ರಲ್ಲಿ ಹೆನ್ರಿ ಅಕಾಡೆಮಿಯ ಕೊಠಡಿಯೊಂದರ ಸುತ್ತ ಸುಮಾರು ಒಂದು ಮೈಲಿ ಉದ್ದದ ತಂತಿಯನ್ನು ಹಾಯಿಸಿ ಅದರ ಕೊನೆಯಲ್ಲಿ ವಿದ್ಯುತ್ಕಾಂತವನ್ನಿಟ್ಟ. ಕಾಂತದ ಎರಡು ಧ್ರುವಗಳ ನಡುವೆ ತಿರುಗಣಿಯ ಮೇಲೆ ಉಕ್ಕಿನ ಶಾಶ್ವತ ಕಾಂತವನ್ನು ನಿಲ್ಲಿಸಿದ. ವಿದ್ಯುತ್ ಹರಿದಾಗ ಅದರ ತುದಿಯನ್ನು ಒಂದು ಧ್ರುವ ಎಳೆಯುತ್ತಿತ್ತು, ಇನ್ನೊಂದು ತಳ್ಳುತ್ತಿತ್ತು. ಸರಳು ತಿರುಗಿ ಗಂಟೆಯನ್ನು ಬಾರಿಸುತ್ತಿತ್ತು. ಅದೇ ವರ್ಷ ಏತದಂತೆ ಏರಿಳಿಯುವ ವಿದ್ಯುತ್ಕಾಂತದ ಯಂತ್ರವೊಂದನ್ನೂ ರಚಿಸಿದ. ಅದು ತಾನಾಗಿಯೇ ವಿದ್ಯುತ್ತಿನ ದಿಕ್ಕನ್ನು ಬದಲಿಸಿಕೊಳ್ಳುತ್ತ ನಿಮಿಷಕ್ಕೆ 75 ಸಲ ತೂಗುತ್ತಿತ್ತು.

ಹೆನ್ರಿಯ ಕಾಂತಗಳು ಬೇಗನೆ ಕೈಗಾರಿಕೆಯನ್ನು ಪ್ರವೇಶಿಸಿದವು. ನ್ಯೂಯಾರ್ಕ್ ರಾಜ್ಯದ ಕ್ರೌನ್ ಪಾಯಿಂಟ್‌ನ ಪೆನ್‌ಫೀಲ್ಡ್ ಕಬ್ಬಿಣ ಕಾರ್ಖಾನೆಯಲ್ಲಿ ಅದಿರನ್ನು ಬೇರ್ಪಡಿಸುವ ಯಂತ್ರದ ಮೊಳೆಗಳಿಗೆ ಕಾಂತತ್ವ ನೀಡಲು ಇಂತಹ ಕಾಂತವೊಂದನ್ನು ಬಳಸಲಾಯಿತು. ಅದನ್ನು ಕಂಡ ಕಮ್ಮಾರ ಥಾಮಸ್ ಡೇವನ್‌ಪೋರ್ಟ್ ಒಂದು ಕಾಂತವನ್ನು ಕೊಂಡು, ಮುಂದೆ 1837ರಲ್ಲಿ ವಿದ್ಯುತ್ ಮೋಟಾರಿಗೆ ಪೇಟೆಂಟ್ ಪಡೆದ. ಹೆನ್ರಿ ತನ್ನ ಶೋಧಗಳಿಗೆ ಪೇಟೆಂಟ್ ಪಡೆಯಲಿಲ್ಲ.

ಪ್ರೇರಣೆ ಮತ್ತು ಸ್ವಪ್ರೇರಣೆ

ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಹುಟ್ಟುವುದನ್ನು ಹೆನ್ರಿ ಸ್ವತಂತ್ರವಾಗಿ ಕಂಡುಕೊಂಡಿದ್ದ. ಆದರೆ ಪ್ರಕಟಣೆ ತಡವಾಯಿತು. ಮೈಕೇಲ್ ಫ್ಯಾರಡೆ ಮೊದಲು ಪ್ರಕಟಿಸಿದ್ದರಿಂದ ಆ ಶೋಧದ ಮನ್ನಣೆ ಫ್ಯಾರಡೆಗೆ ಸಂದಿತು. 1832ರಲ್ಲಿ ಹೊರತಂದ ಲೇಖನದಲ್ಲಿ ಹೆನ್ರಿ ಸ್ವಪ್ರೇರಣೆಯನ್ನು ವಿವರಿಸಿದ: ಉದ್ದನೆಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಸುರುಳಿ ಆ ಬದಲಾವಣೆಯನ್ನು ವಿರೋಧಿಸಿ, ಕಡಿದ ಜಾಗದಲ್ಲಿ ಕಿಡಿ ಹಾರಿಸುತ್ತದೆ. 1832ರಲ್ಲಿಯೇ ಆತ ಇಂದಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ದುರ್ಬಲ ವಿದ್ಯುತ್ತಿನಿಂದ ಪ್ರಬಲ ಮಂಡಲವನ್ನು ತೆರೆದು ಮುಚ್ಚುವ ರಿಲೇಯ ತತ್ತ್ವವನ್ನು ಅಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದ.

ಮೋರ್ಸ್ ವಿವಾದ

ಸ್ಯಾಮ್ಯುಯೆಲ್ ಮೋರ್ಸ್‌ನ ಆರಂಭದ ತಂತಿಯಂತ್ರ ಹೆಚ್ಚು ದೂರಕ್ಕೆ ಕೆಲಸ ಮಾಡುತ್ತಿರಲಿಲ್ಲ. ಅವನ ಸಹವರ್ತಿ ಲಿಯೊನಾರ್ಡ್ ಗೇಲ್ ಹೆನ್ರಿಯ 1831ರ ಲೇಖನವನ್ನು ಬಲ್ಲವನಾಗಿದ್ದು, ಕೋಶಗಳನ್ನೂ ಸುತ್ತುಗಳನ್ನೂ ಹೆಚ್ಚಿಸುವಂತೆ ಸೂಚಿಸಿದ. ಮುಂದೆ ಪೇಟೆಂಟ್ ಮೊಕದ್ದಮೆಗಳಲ್ಲಿ ಹೆನ್ರಿ ಸಾಕ್ಷಿ ಹೇಳಬೇಕಾಗಿ ಬಂದಾಗ ತನ್ನ ಶೋಧಗಳ ಪಾತ್ರವನ್ನು ತಿಳಿಸಿದ. ಇದರಿಂದ ಕೆರಳಿದ ಮೋರ್ಸ್ 1855ರಲ್ಲಿ ಅವನ ವಿರುದ್ಧ ದೀರ್ಘ ಲೇಖನ ಪ್ರಕಟಿಸಿದ. ಸ್ಮಿತ್ಸೋನಿಯನ್ ಸಂಸ್ಥೆಯ ಆಡಳಿತ ಮಂಡಳಿ ವಿಚಾರಣೆ ನಡೆಸಿ ಹೆನ್ರಿಯ ಪರವಾಗಿ ತೀರ್ಮಾನಿಸಿತು. 1865ರ ಜನವರಿಯಲ್ಲಿ ಸಂಸ್ಥೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಅವನ ಬಹಳಷ್ಟು ಪತ್ರಗಳೂ ಕಾಗದಗಳೂ ಸುಟ್ಟುಹೋದವು.

ನಂತರದ ವರ್ಷಗಳು

ಕಾರ್ಯದರ್ಶಿಯಾಗಿ ಹೆನ್ರಿ ತಂತಿ ಮೂಲಕ ಹವಾಮಾನದ ವರದಿಗಳನ್ನು ಸಂಗ್ರಹಿಸುವ ಜಾಲವನ್ನು ಕಟ್ಟಿದ. 1868ರಿಂದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದ. ದೀಪಸ್ತಂಭ ಮಂಡಳಿಯಲ್ಲಿಯೂ ದೀರ್ಘಕಾಲ ದುಡಿದ. 1875ರಲ್ಲಿ ತನ್ನನ್ನು ಕಾಣಲು ಬಂದ ಯುವಕ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನನ್ನು ಪ್ರೋತ್ಸಾಹಿಸಿದ. 1878ರಲ್ಲಿ ವಾಷಿಂಗ್ಟನ್ನಿನಲ್ಲಿ ನಿಧನ ಹೊಂದಿದ. 1893ರಲ್ಲಿ ಷಿಕಾಗೋದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಪ್ರೇರಕತ್ವದ ಏಕಮಾನಕ್ಕೆ ಹೆನ್ರಿ ಎಂಬ ಹೆಸರನ್ನು ಅಂಗೀಕರಿಸಿತು.

ಇಂದಿನ ಕೈಗಾರಿಕೆಯಲ್ಲಿ

ಕವಾಟ, ಬೀಗ, ಬ್ರೇಕುಗಳನ್ನು ನಡೆಸುವ ಸೊಲೆನಾಯ್ಡ್ ಎಂಬುದು ಸುರುಳಿಯೊಳಗೆ ಜಾರುವ ಕಬ್ಬಿಣದ ದಂಡವುಳ್ಳ ವಿದ್ಯುತ್ಕಾಂತ. ಹೆನ್ರಿಯ ಗಂಟೆಯಲ್ಲಿದ್ದಂತೆ ಇದರಲ್ಲಿ ವಿಕರ್ಷಣೆಯಿಲ್ಲ. ಎಳೆಯುವ ಬಗೆಯಲ್ಲಿಯೂ ತಳ್ಳುವ ಬಗೆಯಲ್ಲಿಯೂ ದಂಡ ಒಳಕ್ಕೇ ಸೆಳೆಯಲ್ಪಡುತ್ತದೆ. ತಳ್ಳುವ ಬಗೆಯಲ್ಲಿ ಅದಕ್ಕೆ ಜೋಡಿಸಿದ ಸಪೂರ ಕಡ್ಡಿ ಇನ್ನೊಂದು ತುದಿಯಿಂದ ಹೊರಬರುತ್ತದೆ. ಸಾಮಾನ್ಯವಾಗಿ ಸ್ಪ್ರಿಂಗ್ ಅದನ್ನು ಮರಳಿಸುತ್ತದೆ.

ಇದನ್ನು ಆಯ್ಕೆಮಾಡುವಾಗ ಸುರುಳಿಯನ್ನು ವಿದ್ಯುತ್ ಮೂಲದ ವೋಲ್ಟೇಜಿಗೆ ಹೊಂದಿಸಬೇಕೆಂಬುದು ಹೆನ್ರಿ ಕಂಡ ನಿಯಮದ ಮುಂದುವರಿಕೆ. ಚಲನೆಯ ದೂರ ಹೆಚ್ಚಾದಂತೆ ಆರಂಭದ ಬಲ ತೀವ್ರವಾಗಿ ಕುಗ್ಗುವುದರಿಂದ, ಭಾರದ ಜೊತೆಗೆ ಆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿರ್ವಹಣೆಯಲ್ಲಿ ಸ್ವಪ್ರೇರಣೆಯ ಪರಿಣಾಮ ಎದ್ದು ಕಾಣುತ್ತದೆ. ನೇರ ವಿದ್ಯುತ್ತಿನ ಸೊಲೆನಾಯ್ಡನ್ನು ಆರಿಸಿದಾಗ ಹಾರುವ ಕಿಡಿ ಸ್ವಿಚ್ಚಿನ ಸಂಪರ್ಕಗಳನ್ನು ಸವೆಸುತ್ತದೆ. ಅದನ್ನು ತಡೆಯಲು ಸುರುಳಿಗೆ ಅಡ್ಡಲಾಗಿ ಡಯೋಡ್ ಜೋಡಿಸುತ್ತಾರೆ. ಪರ್ಯಾಯ ವಿದ್ಯುತ್ತಿನದರಲ್ಲಿ ಕೊಳೆ ಸೇರಿ ದಂಡ ಪೂರ್ತಿ ಒಳಸೇರದಿದ್ದರೆ ಪ್ರೇರಕತ್ವ ಕಡಿಮೆಯಾಗಿಯೇ ಉಳಿದು, ಹೆಚ್ಚಿನ ವಿದ್ಯುತ್ ಹರಿದು ಸುರುಳಿ ಸುಡುತ್ತದೆ. ಆದ್ದರಿಂದ ದಂಡದ ಹಾದಿಯನ್ನು ಶುಚಿಯಾಗಿಡುವುದು ಇಲ್ಲಿ ನಿರ್ವಹಣೆಯ ಮೊದಲ ಕೆಲಸ.