ಚಿತ್ರ ನಿರ್ದೇಶಕ ಸರ್ ಡೇವಿಡ್ ಲೀನ್

ಇಂಗ್ಲೆಂಡಿನ ಕ್ರಾಯ್ಡನ್ ಪಟ್ಟಣದ ಕ್ವೇಕರ್ ಪಂಥದ ಮನೆತನವೊಂದರಲ್ಲಿ 1908ರ ಮಾರ್ಚ್ 25ರಂದು ಡೇವಿಡ್ ಲೀನ್ ಜನಿಸಿದರು. ಆ ಮನೆಯಲ್ಲಿ ಸಿನಿಮಾ ನೋಡುವುದು ನಿಷಿದ್ಧವಾಗಿತ್ತು. ಓದಿನಲ್ಲಿ ಹಿಂದುಳಿದ ಬಾಲಕನ ಮೇಲೆ ಹಿರಿಯರಿಗೆ ಭರವಸೆಯಿರಲಿಲ್ಲ. ತಮ್ಮ ಎಡ್ವರ್ಡ್ ಬುದ್ಧಿವಂತನೆನಿಸಿ ಆಕ್ಸ್‌ಫರ್ಡಿಗೆ ಹೋದನು. ಅಣ್ಣನು ತಂದೆಯ ಲೆಕ್ಕಪತ್ರದ ಕಚೇರಿಯಲ್ಲಿ ಕುಳಿತನು. ಬಾಲ್ಯದಲ್ಲಿ ಬಂಧುವೊಬ್ಬರು ಕೊಟ್ಟ ಬ್ರೌನಿ ಕ್ಯಾಮೆರಾ ಒಂದೇ ಅವನ ಸಂತೋಷವಾಗಿತ್ತು. ಶಾಲೆಯ ಕಣ್ಣಿಗೆ ಬೀಳದ ಪ್ರತಿಭೆ ಆ ಪುಟ್ಟ ಪೆಟ್ಟಿಗೆಯಲ್ಲಿ ಬೆಳೆಯಿತೆಂಬುದನ್ನು ಅಧ್ಯಾಪಕರಾದ ನಾವು ಗಮನಿಸಬೇಕು.

1927ರಲ್ಲಿ ಲೀನ್ ಅವರು ಗೋಮಾಂಟ್ ಸ್ಟುಡಿಯೋದಲ್ಲಿ ಚಹ ತಂದುಕೊಡುವ ಹುಡುಗನಾಗಿ ಸೇರಿದರು. ಕೆಲವೇ ವರ್ಷಗಳಲ್ಲಿ ವಾರ್ತಾಚಿತ್ರಗಳ ಸಂಕಲನ ಅವರ ಕೈಸೇರಿತು. ಕತ್ತರಿ ಹಿಡಿದು ಕಲಿತ ಆ ವಿದ್ಯೆಯೇ ಅವರ ಜೀವಮಾನದ ಬಂಡವಾಳ. 1942ರಲ್ಲಿ ನೋಯೆಲ್ ಕವರ್ಡ್ ಅವರೊಡನೆ ಮೊದಲ ಬಾರಿಗೆ ನಿರ್ದೇಶನಕ್ಕೆ ತೊಡಗಿದರು. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1946) ಮತ್ತು ‘ಆಲಿವರ್ ಟ್ವಿಸ್ಟ್’ (1948) ಕಾದಂಬರಿಗಳನ್ನು ತೆರೆಗೆ ತಂದಾಗ ಚಿತ್ರಕಥೆಯ ರಚನೆಯಲ್ಲಿಯೂ ಪಾಲುಗೊಂಡರು.

ಸಿಂಹಳದಲ್ಲಿ ಚಿತ್ರಿಸಿದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ‘ಲಾರೆನ್ಸ್ ಆಫ್ ಅರೇಬಿಯಾ’ (1962) ಕೂಡ ಅಷ್ಟನ್ನೇ ಗಳಿಸಿತು. ಈ ಎರಡನೆಯ ಚಿತ್ರದಲ್ಲಿ ನಾಯಕನು ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸುತ್ತಾನೆ. ಮರುಕ್ಷಣವೇ ತೆರೆಯ ಮೇಲೆ ಮರುಭೂಮಿಯ ಮುಂಬೆಳಗು. ಕೈರೋದಿಂದ ಅರೇಬಿಯಾಕ್ಕೆ ಹೋಗಲು ಬೇರೊಂದು ಮಾತು ಬೇಕಾಗಲಿಲ್ಲ.

1970ರಲ್ಲಿ ತೆರೆಕಂಡ ‘ರಯನ್ಸ್ ಡಾಟರ್’ ಚಿತ್ರವನ್ನು ವಿಮರ್ಶಕರು ಕಟುವಾಗಿ ಖಂಡಿಸಿದರು. ನ್ಯೂಯಾರ್ಕಿನ ಸಭೆಯೊಂದರಲ್ಲಿ ಅವರು ಎದುರಿಗೇ ಆಡಿದ ಮಾತುಗಳಿಂದ ಲೀನ್ ಅವರ ಆತ್ಮವಿಶ್ವಾಸ ಕುಸಿಯಿತು. ಬೌಂಟಿ ಹಡಗಿನ ದಂಗೆಯನ್ನು ಕುರಿತ ಯೋಜನೆಗಾಗಿ ವರ್ಷಗಟ್ಟಲೆ ದುಡಿದರೂ ಅದು ಕೈಗೂಡಲಿಲ್ಲ. ಹೀಗೆ ಹದಿನಾಲ್ಕು ವರ್ಷಗಳ ಕಾಲ ಅವರ ಕಥಾಚಿತ್ರವೊಂದೂ ಹೊರಬರಲಿಲ್ಲ. ವಿಮರ್ಶೆ ಬೇಡವೆನ್ನಲಾಗದು, ಆದರೂ ಅದಕ್ಕೆ ತೆತ್ತ ಬೆಲೆ ದೊಡ್ಡದು.

ಆ ಮೌನ ಮುರಿದದ್ದು ನಮ್ಮ ನಾಡಿನಲ್ಲಿ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಗೆ ತಾವೇ ಚಿತ್ರಕಥೆ ಬರೆದುಕೊಂಡು, 1983ರ ಕೊನೆಯಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಲೀನ್ ಚಿತ್ರೀಕರಣಕ್ಕೆ ತೊಡಗಿದರು. ಬೆಂಗಳೂರಿನ ಅರಮನೆಯ ಆವರಣದಲ್ಲಿ ಕಾದಂಬರಿಯ ಚಂದ್ರಾಪುರ ಪಟ್ಟಣದ ಪೇಟೆ ಎದ್ದು ನಿಂತಿತು. ಮಾಗಡಿ ಸೀಮೆಯ ಸಾವನದುರ್ಗವೂ ರಾಮನಗರದ ರಾಮದೇವರ ಬೆಟ್ಟವೂ ಬಿಹಾರದ ಗುಹೆಗಳ ಸ್ಥಾನವನ್ನು ತುಂಬಿದವು. ಪ್ರೊಫೆಸರ್ ಗೋಡ್‌ಬೋಲೆಯ ಪಾತ್ರವನ್ನು ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಅವರಿಗೆ ವಹಿಸಿದ್ದು ಭಾರತೀಯ ಪ್ರೇಕ್ಷಕನಿಗೆ ಹಿಡಿಸುವಂಥದ್ದಲ್ಲ. ಆದರೆ ಡಾಕ್ಟರ್ ಅಜೀಜನಾಗಿ ವಿಕ್ಟರ್ ಬ್ಯಾನರ್ಜಿ ಅವರ ಅಭಿನಯ ಮನಸ್ಸಿನಲ್ಲಿ ಉಳಿಯುತ್ತದೆ. ಚಿತ್ರದ ಸಂಕಲನವನ್ನು ಮುದುಕರಾದ ಲೀನ್ ಮತ್ತೆ ತಾವೇ ಮಾಡಿದರು. 1984ರಲ್ಲಿ ಚಿತ್ರ ಬಿಡುಗಡೆಯಾಯಿತು; ಅದೇ ವರ್ಷ ಅವರಿಗೆ ಸರ್ ಪದವಿಯೂ ಸಂದಿತು.

ಅನಂತರ ಕಾನ್ರಾಡನ ‘ನಾಸ್ಟ್ರೊಮೊ’ ಕಾದಂಬರಿಯನ್ನು ಕೈಗೆತ್ತಿಕೊಂಡರು. ಚಿತ್ರೀಕರಣಕ್ಕೆ ಸಿದ್ಧತೆ ನಡೆದಿರುವಾಗಲೇ, 1991ರ ಏಪ್ರಿಲ್ 16ರಂದು, ಲಂಡನ್ನಿನಲ್ಲಿ ನಿಧನ ಹೊಂದಿದರು.