ಜಾರ್ಜ್ ಡಿ ಹೆವೆಶಿ

ಜಾರ್ಜ್ ಡಿ ಹೆವೆಶಿ (ಆಗಸ್ಟ್ 1, 1885 – ಜುಲೈ 5, 1966) ಹಂಗೇರಿ ಮೂಲದ ರಸಾಯನಶಾಸ್ತ್ರಜ್ಞರು. ವಿಕಿರಣಶೀಲ ಪರಮಾಣುಗಳನ್ನು ಗುರುತುಕಾರಕಗಳಾಗಿ (ಟ್ರೇಸರ್) ಬಳಸಿ ರಾಸಾಯನಿಕ ಹಾಗೂ ಜೈವಿಕ ಕ್ರಿಯೆಗಳ ಜಾಡು ಹಿಡಿಯುವ ವಿಧಾನವನ್ನು ಕಂಡುಹಿಡಿದವರು. ಇದಕ್ಕಾಗಿ ಅವರಿಗೆ 1943ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಮಾನವನ ಮಿದುಳಿನ ಸೆರೊಟೊನಿನ್ ಗ್ರಾಹಕಗಳನ್ನು ಚಿತ್ರಿಸುವ ಇಂದಿನ ತಂತ್ರಕ್ಕೂ ಇದೇ ತತ್ತ್ವ ಆಧಾರವಾಗಿದೆ.

ಆರಂಭಿಕ ಜೀವನ

ಹೆವೆಶಿ ಬುಡಾಪೆಸ್ಟ್‌ನಲ್ಲಿ ಜನಿಸಿದರು. 1908ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1911ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಪ್ರಯೋಗಾಲಯ ಸೇರಿದರು. ಸೀಸದೊಂದಿಗೆ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ರುದರ್‌ಫೋರ್ಡ್ ಅವರಿಗೆ ವಹಿಸಿದರು. ಆ ಪ್ರಯತ್ನ ಸಂಪೂರ್ಣವಾಗಿ ವಿಫಲವಾಯಿತು. ರೇಡಿಯಂ-ಡಿ ಎಂಬುದು ಸೀಸದ್ದೇ ಒಂದು ಸಮಸ್ಥಾನಿ ಎಂಬುದು ಇದಕ್ಕೆ ಕಾರಣವಾಗಿತ್ತು.

ಗುರುತುಕಾರಕ ವಿಧಾನ

ಈ ಸೋಲನ್ನೇ ಹೆವೆಶಿ ಸಾಧನವಾಗಿ ಬಳಸಿದರು. ಬೇರ್ಪಡಿಸಲಾಗದ ವಸ್ತು ಸೀಸ ಹೋದಲ್ಲೆಲ್ಲ ಹೋಗುವುದರಿಂದ, ಅದರ ವಿಕಿರಣವನ್ನು ಅಳೆದು ಸೀಸದ ಇರುವಿಕೆಯನ್ನು ತಿಳಿಯಬಹುದೆಂದು ಅವರು ಮನಗಂಡರು. 1913ರಲ್ಲಿ ವಿಯೆನ್ನಾದಲ್ಲಿ ಫ್ರೀಡ್ರಿಚ್ ಪನೆತ್ ಅವರೊಂದಿಗೆ ಈ ವಿಧಾನದಿಂದ ಸೀಸದ ಲವಣಗಳ ಕರಗುವಿಕೆಯನ್ನು ಅಳೆದರು. ಮ್ಯಾಂಚೆಸ್ಟರ್‌ನ ಊಟದ ಮನೆಯಲ್ಲಿ ಮಿಕ್ಕ ಆಹಾರವನ್ನೇ ಮತ್ತೆ ಬಡಿಸುತ್ತಾರೆಂಬ ಅನುಮಾನವನ್ನು, ಎಂಜಲಿಗೆ ಅಲ್ಪ ವಿಕಿರಣಶೀಲ ವಸ್ತು ಬೆರೆಸಿ ಅವರು ಸಾಬೀತುಪಡಿಸಿದರೆಂಬ ಕಥೆ ಪ್ರಚಲಿತದಲ್ಲಿದೆ.

1923ರಲ್ಲಿ ಗಿಡಗಳು ಸೀಸವನ್ನು ಹೀರುವ ಬಗೆಯನ್ನು ಅಧ್ಯಯನ ಮಾಡಿದರು. ಅದೇ ವರ್ಷ ಡಿರ್ಕ್ ಕಾಸ್ಟರ್ ಅವರೊಂದಿಗೆ ಹ್ಯಾಫ್ನಿಯಂ ಧಾತುವಿನ ಶೋಧವನ್ನು ಪ್ರಕಟಿಸಿದರು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರಿನಿಂದ ಆ ಧಾತುವಿಗೆ ಹೆಸರು ಬಂದಿತು. 1934ರಲ್ಲಿ ಭಾರಜಲವನ್ನು ಬಳಸಿ, ಮಾನವ ದೇಹದಲ್ಲಿನ ನೀರಿನ ಅರ್ಧಭಾಗ ಬದಲಾಗಲು ಸುಮಾರು ಒಂಬತ್ತು ದಿನ ಬೇಕೆಂದು ತೋರಿಸಿದರು. 1935ರಲ್ಲಿ ವಿಕಿರಣಶೀಲ ರಂಜಕವನ್ನು ಇಲಿಗಳಿಗೆ ನೀಡಿ, ಮೂಳೆಯು ಜಡವಸ್ತುವಲ್ಲ, ಅದರ ಪರಮಾಣುಗಳು ಸದಾ ಬದಲಾಗುತ್ತಿರುತ್ತವೆ ಎಂಬುದನ್ನು ಸಿದ್ಧಪಡಿಸಿದರು.

ನಾಜಿ ಆಡಳಿತದ ಕಾಲ

ಯಹೂದಿ ಮೂಲದ ಹೆವೆಶಿ 1934ರಲ್ಲಿ ಜರ್ಮನಿಯನ್ನು ತೊರೆದು ಕೋಪನ್‌ಹೇಗನ್‌ಗೆ ಮರಳಿದರು. ಮ್ಯಾಕ್ಸ್ ಫಾನ್ ಲೌ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಚಿನ್ನದ ಪದಕಗಳು ಅಲ್ಲಿನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಸುರಕ್ಷಿತವಾಗಿದ್ದವು. ಜರ್ಮನಿಯಿಂದ ಚಿನ್ನ ಸಾಗಿಸುವುದು ಗಂಭೀರ ಅಪರಾಧವಾಗಿತ್ತು. ಪದಕಗಳ ಮೇಲೆ ಹೆಸರುಗಳನ್ನೂ ಕೆತ್ತಲಾಗಿತ್ತು. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಗರವನ್ನು ಪ್ರವೇಶಿಸಿದಾಗ ಹೆವೆಶಿ ಅವುಗಳನ್ನು ಆಮ್ಲರಾಜದಲ್ಲಿ ಕರಗಿಸಿದರು. ಆ ದ್ರಾವಣ ಯುದ್ಧ ಮುಗಿಯುವವರೆಗೂ ಕಪಾಟಿನಲ್ಲೇ ಉಳಿಯಿತು. ಅನಂತರ ಚಿನ್ನವನ್ನು ಮರಳಿ ಪಡೆದು ಪದಕಗಳನ್ನು ಪುನಃ ಎರಕ ಹೊಯ್ಯಲಾಯಿತು. 1943ರಲ್ಲಿ ಹೆವೆಶಿ ಸ್ವೀಡನ್‌ಗೆ ಪಲಾಯನ ಮಾಡಿದರು.

ಮಿದುಳಿನ ಚಿತ್ರಣಕ್ಕೆ ಕೊಡುಗೆ

ದೇಹದ ಕ್ರಿಯೆಗೆ ಅಡ್ಡಿಯಾಗದಷ್ಟು ಅಲ್ಪ ಪ್ರಮಾಣದ ವಸ್ತುವಿನಿಂದ ಆ ಕ್ರಿಯೆಯನ್ನು ಅರಿಯುವುದು ಹೆವೆಶಿಯವರ ವಿಧಾನದ ಸಾರ. 1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಹೆನ್ರಿ ವ್ಯಾಗ್ನರ್ ತಮ್ಮ ಮಿದುಳಿನ ಗ್ರಾಹಕಗಳನ್ನೇ ಪೆಟ್ ಯಂತ್ರದಿಂದ ಚಿತ್ರಿಸಿದರು. ಅವರು ಬಳಸಿದ ಇಂಗಾಲ-11 ಯುಕ್ತ ಸಂಯುಕ್ತವು ಡೋಪಮಿನ್ ಗ್ರಾಹಕಗಳಿಗಲ್ಲದೆ, ಮಿದುಳಿನ ಹೊರಪದರದ ಸೆರೊಟೊನಿನ್ ಗ್ರಾಹಕಗಳಿಗೂ ಅಂಟಿಕೊಳ್ಳುತ್ತದೆ. ಮನೋರೋಗದ ಔಷಧವೊಂದು ಎಷ್ಟು ಗ್ರಾಹಕಗಳನ್ನು ಆವರಿಸಿದೆ ಎಂಬುದನ್ನು ಜೀವಂತ ರೋಗಿಯಲ್ಲೇ ಅಳೆಯಲು ಇದರಿಂದ ಸಾಧ್ಯವಾಯಿತು.

ಉತ್ತರ ಕನ್ನಡದ ಸಂದರ್ಭ

ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರದ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ, ಹೆವೆಶಿ ಗುರುತುಕಾರಕವಾಗಿ ಬಳಸಿದ ಭಾರಜಲವೇ ಮಂದಕ ಹಾಗೂ ಶೈತ್ಯಕಾರಿಯಾಗಿದೆ. ಭಾರಜಲ ಸ್ವತಃ ವಿಕಿರಣಶೀಲವಲ್ಲ. ಪೆಟ್ ಪರೀಕ್ಷೆಯ ಸಮಸ್ಥಾನಿಗಳನ್ನಾದರೋ ಸಾಮಾನ್ಯವಾಗಿ ಸೈಕ್ಲೋಟ್ರಾನ್‌ಗಳಲ್ಲಿ ತಯಾರಿಸುತ್ತಾರೆ. ಇಂಗಾಲ-11ರ ಅರ್ಧಾಯು ಸುಮಾರು 20 ನಿಮಿಷ, ಫ್ಲೋರಿನ್-18ರದು ಸುಮಾರು 110 ನಿಮಿಷ. ಬೆಂಗಳೂರಿನಿಂದ ಹತ್ತು ಗಂಟೆ ರಸ್ತೆಯಲ್ಲಿ ಸಾಗಿ ಅಂಕೋಲಾ ಅಥವಾ ಕಾರವಾರ ತಲುಪುವಷ್ಟರಲ್ಲಿ ಫ್ಲೋರಿನ್-18ರ ನಲವತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಇಂಗಾಲ-11 ಪೂರ್ತಿಯಾಗಿ ಕ್ಷಯಿಸಿರುತ್ತದೆ. ಆದ್ದರಿಂದ ಇಂಗಾಲ-11 ಆಧಾರಿತ ಪರೀಕ್ಷೆಗೆ ರೋಗಿಯೇ ಸೈಕ್ಲೋಟ್ರಾನ್ ಇರುವ ಕೇಂದ್ರಕ್ಕೆ ಪ್ರಯಾಣಿಸಬೇಕಾಗುತ್ತದೆ.

ಗೌರವಗಳು ಮತ್ತು ನಿಧನ

ಹೆವೆಶಿಯವರಿಗೆ 1949ರಲ್ಲಿ ಕಾಪ್ಲೆ ಪದಕ ದೊರೆಯಿತು. ಶಾಂತಿಗಾಗಿ ಪರಮಾಣು ಪ್ರಶಸ್ತಿಗೂ ಅವರು ಪಾತ್ರರಾದರು. 1966ರಲ್ಲಿ ಫ್ರೈಬರ್ಗ್‌ನಲ್ಲಿ ನಿಧನರಾದರು. ಅನಂತರ ಅವರ ಅವಶೇಷಗಳನ್ನು ಹುಟ್ಟೂರಾದ ಬುಡಾಪೆಸ್ಟ್‌ಗೆ ತಂದು ಮರುಸಮಾಧಿ ಮಾಡಲಾಯಿತು.